ದಿಜೋಂ ಊರಿಗೆ ನೀರು ತಂದ ಹೆನ್ರಿ ಡಾರ್ಸಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ, ಶಾಲೆಯ ನೆನಪುಗಳನ್ನು ಬರೆಯಲು ನನಗಿಂತ ಹಿರಿಯರು ಬೇಕಾದಷ್ಟು ಜನ ಇದ್ದಾರೆ ಸಾರ್ ಎಂದೆ. ನಾನು 2004ರ ಎಸ್‌ಎಸ್‌ಎಲ್‌ಸಿ ಬ್ಯಾಚಿನವನು. ಹೆಂಚಿನ ಕೊಠಡಿಗಳಿದ್ದ ಕಾಲ ಮುಗಿದು ಆರ್‌ಸಿಸಿ ಕಟ್ಟಡ ಎದ್ದ ಮೇಲೆ ಬಂದವನು. "ನೆನಪು ಬೇಡ, ನಿನಗೆ ಗೊತ್ತಿರೋ ವಿಷಯ ಏನಾದ್ರೂ ಬರಿ. ಕಂಪ್ಯೂಟರ್ ಬಗ್ಗೆ ಬೇಡ, ಅದು ಈಗ ಎಲ್ಲರಿಗೂ ಗೊತ್ತು" ಎಂದರು. ನನಗೆ ಸ್ವಲ್ಪ ಗೊತ್ತಿರುವ ಇನ್ನೊಂದು ವಿಷಯವೆಂದರೆ ನೀರು. ಅದೂ ಓದಿ ಬಂದದ್ದಲ್ಲ, ಮನೆಯಲ್ಲಿ ಇಲ್ಲದೆ ಬಂದದ್ದು.

ನಮ್ಮ ಕೋಲಾರ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳಿವೆ, ಅವಕ್ಕೆ ಮಳೆ ಬೇಕು. ನಮ್ಮ ತಾತನ ಕಾಲದಲ್ಲಿ ತೋಟದ ಬಾವಿಗೆ ಕಪಿಲೆ ಕಟ್ಟಿ ಎತ್ತುಗಳಿಂದ ನೀರೆತ್ತುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಆ ಬಾವಿಯಲ್ಲಿ ಬೇಲಿ ಮುಳ್ಳು, ಹಳೆಯ ಚಪ್ಪಲಿ ಬಿದ್ದಿದ್ದವು. ಅಪ್ಪ 1998ರಲ್ಲಿ ಬೋರ್ ಹಾಕಿಸಿದರು. 380 ಅಡಿಗೆ ಎರಡು ಇಂಚು ನೀರು ಬಿತ್ತು. ಒಂದು ಎಕರೆ ಹಿಪ್ಪುನೇರಳೆ, ಮನೆಯಲ್ಲಿ ರೇಷ್ಮೆಹುಳು, ನನಗೆ ಹೊಸ ಸೈಕಲ್ಲು. 2001ರಲ್ಲಿ ಬದುವಿನಾಚೆ ದೊಡ್ಡಪ್ಪನವರು ಒಂದು ಬೋರ್ ಹಾಕಿಸಿದರು, ನಮ್ಮದಕ್ಕಿಂತ ಇನ್ನೂರು ಅಡಿ ಹೆಚ್ಚು ಆಳ. ಆ ಮೂರು ವರ್ಷ ಮಳೆಯೂ ಕೈಕೊಟ್ಟಿತ್ತು. 2003ರ ಬೇಸಿಗೆಗೆ ನಮ್ಮ ಮೋಟರು ಹತ್ತು ನಿಮಿಷ ನೀರು ಎತ್ತಿ ಗಾಳಿ ಎಳೆಯತೊಡಗಿತು. ಅಪ್ಪ ಸೊಪ್ಪಿನ ಗಿಡ ಕೀಳಿಸಿದರು. "ನನ್ನ ನೀರು ಅವನು ಎಳ್ಕೊಂಡ" ಎಂದರು. ಅಲ್ಲಿಂದ ಒಂಬತ್ತು ವರ್ಷ ಅಣ್ಣತಮ್ಮಂದಿರು ಮಾತಾಡಲಿಲ್ಲ. ದೊಡ್ಡಪ್ಪನ ಮಗಳ ಮದುವೆಗೆ ನಾವು ಹೋಗಲಿಲ್ಲ. ಇದನ್ನು ಊರಿನ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ನಮ್ಮ ತಂಡಕ್ಕೆ ಒಂದು ಕೆಲಸ ಬಂತು. ನೆಲದೊಳಗಿನ ನೀರು ಹೇಗೆ ಚಲಿಸುತ್ತದೆ ಎಂದು ಲೆಕ್ಕ ಹಾಕುವ ಒಂದು ಹಳೆಯ ಪ್ರೋಗ್ರಾಮಿಗೆ ಹೊಸ ಪರದೆ ಜೋಡಿಸಿಕೊಡುವುದು. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಇಲಾಖೆ 1980ರ ದಶಕದಲ್ಲಿ ಫೋರ್‌ಟ್ರಾನ್ ಭಾಷೆಯಲ್ಲಿ ಬರೆದ ಮೋಡ್‌ಫ್ಲೋ ಎಂಬುದು ಆ ಪ್ರೋಗ್ರಾಮು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಅದು ನೆಲವನ್ನು ಚೌಕಾಬಾರದ ಮನೆಗಳ ಹಾಗೆ ಸಾವಿರಾರು ಚೌಕಗಳಾಗಿ ಹಂಚಿಕೊಳ್ಳುತ್ತದೆ. ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಎಷ್ಟು ನೀರು ಹೋಗುತ್ತದೆ ಎಂಬುದನ್ನು ಒಂದೇ ಒಂದು ಸಣ್ಣ ಸೂತ್ರದಿಂದ ಲೆಕ್ಕ ಮಾಡುತ್ತದೆ. ಅಷ್ಟು ದೊಡ್ಡ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇರುವುದು ಅದೊಂದೇ. ಆ ಸೂತ್ರಕ್ಕೆ ಡಾರ್ಸಿ ನಿಯಮ ಎಂದು ಹೆಸರು. ಯಾರಪ್ಪ ಇವನು ಎಂದು ಹುಡುಕಲು ಹೋಗಿ, ಕೊನೆಗೆ ಕೆಲಸಕ್ಕಿಂತ ಅವನ ಕಥೆಯನ್ನೇ ಹೆಚ್ಚು ಓದಿದೆ.

ಹೆನ್ರಿ ಡಾರ್ಸಿ ಹುಟ್ಟಿದ್ದು 1803ರ ಜೂನ್ 10ರಂದು, ಫ್ರಾನ್ಸಿನ ಪೂರ್ವ ಭಾಗದ ದಿಜೋಂ ಎಂಬ ಊರಿನಲ್ಲಿ. ತಂದೆ ಕಂದಾಯ ವಸೂಲಿಯ ಕೆಲಸದಲ್ಲಿದ್ದವರು. ಹುಡುಗನಿಗೆ ಹದಿನಾಲ್ಕು ವರ್ಷವಾದಾಗ ಅವರು ತೀರಿಕೊಂಡರು. ತಾಯಿ ಇಬ್ಬರು ಗಂಡುಮಕ್ಕಳ ಓದು ನಿಲ್ಲಬಾರದೆಂದು ಹಟ ಹಿಡಿದರು. ಊರಿನ ಪುರಸಭೆಯಿಂದ ಹೆನ್ರಿಗೆ ವಿದ್ಯಾರ್ಥಿವೇತನ ಸಿಗುವಂತೆ ಮಾಡಿದರು. ಈ ಭಾಗ ಓದುವಾಗ ನನಗೆ ನಮ್ಮ ಶಾಲೆಯ ಎಷ್ಟೋ ತಾಯಂದಿರು ಕಣ್ಣಮುಂದೆ ಬಂದರು. 1821ರಲ್ಲಿ ಹೆನ್ರಿ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್ ಸೇರಿದ, ಎರಡು ವರ್ಷದ ಮೇಲೆ ಸೇತುವೆ ಮತ್ತು ರಸ್ತೆಗಳ ಎಂಜಿನಿಯರಿಂಗ್ ಕಾಲೇಜು. ಓದು ಮುಗಿಸಿ ಸರ್ಕಾರಿ ಎಂಜಿನಿಯರಾಗಿ ಕೆಲವೇ ಸಮಯದಲ್ಲಿ ತನ್ನೂರಿಗೇ ಬಂದ. ನಮ್ಮ ಪಿಡಬ್ಲ್ಯುಡಿ ಎಂಜಿನಿಯರ್ ಎಂದುಕೊಳ್ಳಿ. ಕೊನೆಯವರೆಗೂ ಅವನ ಹುದ್ದೆ ಅದೇ ಇಲಾಖೆಯದು. ಇಂದು ಅವನನ್ನು ವಿಜ್ಞಾನಿ ಎನ್ನುತ್ತೇವೆ, ಆದರೆ ಅವನು ಯಾವ ವಿಶ್ವವಿದ್ಯಾಲಯದಲ್ಲೂ ಪ್ರೊಫೆಸರ್ ಆಗಿರಲಿಲ್ಲ.

ಆಗಿನ ದಿಜೋಂ ನೀರಿನ ವಿಷಯದಲ್ಲಿ ಹೆಸರು ಕೆಡಿಸಿಕೊಂಡಿದ್ದ ಊರು. ಕಾಲು ಲಕ್ಷಕ್ಕೂ ಹೆಚ್ಚು ಜನ. ಕುಡಿಯುವುದಕ್ಕೆ ಮನೆಗಳ ನಡುವಿನ ಮೇಲುಮೇಲಿನ ಬಾವಿಗಳು, ಅವುಗಳ ಪಕ್ಕದಲ್ಲೇ ಕೊಳಚೆ. ಊರಿನೊಳಗೆ ಹಾದುಹೋಗುವ ಸುಜೋಂ ಎಂಬ ತೊರೆ ಚರಂಡಿಯಾಗಿ ಹೋಗಿತ್ತು. ಶತಮಾನಗಳಿಂದ ಪುರಸಭೆಯವರು ಚರ್ಚೆ ಮಾಡುತ್ತಲೇ ಇದ್ದರು. ಕೊನೆಗೆ 1830ರ ಸುಮಾರಿಗೆ ಸೇಂಟ್ ಮಿಶೆಲ್ ಚರ್ಚಿನ ಮುಂದಿನ ಚೌಕದಲ್ಲಿ ಕೊಳವೆಬಾವಿ ಕೊರೆಸಿದರು. ಸುಮಾರು 150 ಮೀಟರ್, ನಮ್ಮ ಲೆಕ್ಕದಲ್ಲಿ ಐನೂರು ಅಡಿ. ಲಾರಿಯಿಲ್ಲ, ಕಂಪ್ರೆಸರ್ ಇಲ್ಲ, ಕೈಯಲ್ಲೇ ಕೊರೆದದ್ದು. ನೀರು ತಾನಾಗಿ ಮೇಲಕ್ಕೆ ಬಂತು, ಆದರೆ ಊರಿಗೆ ಸಾಲುವಷ್ಟು ಬರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಬೋರ್ ಫೇಲ್. ಜಗತ್ತಿನ ಅಂತರ್ಜಲ ಶಾಸ್ತ್ರಕ್ಕೆ ತಳಪಾಯ ಹಾಕಿದವನು ತನ್ನ ವೃತ್ತಿಯ ಆರಂಭದಲ್ಲೇ ಒಂದು ಫೇಲಾದ ಬೋರಿನ ಮುಂದೆ ನಿಂತಿದ್ದ ಎಂಬುದು ನನಗೆ ಏನೋ ಒಂಥರಾ ಸಮಾಧಾನ ಕೊಟ್ಟಿತು.

ಇನ್ನೊಂದು ಕಡೆ ಪಾಯಿಂಟ್ ನೋಡಿಸಿ ಕೊರೆಸೋಣ ಎಂದು ಡಾರ್ಸಿ ಹೇಳಲಿಲ್ಲ. ಯಾರೂ ಕೇಳದಿದ್ದರೂ ತಾನೇ ಅಧ್ಯಯನ ಮಾಡಿ, 1834ರಲ್ಲಿ ಪುರಸಭೆಗೆ ಒಂದು ವರದಿ ಕೊಟ್ಟ. ಊರಿನಿಂದ ಹನ್ನೆರಡು ಚಿಲ್ಲರೆ ಕಿಲೋಮೀಟರ್ ದೂರದ ಕಣಿವೆಯಲ್ಲಿ ರೋಸ್ವಾರ್ ಎಂಬ ಚಿಲುಮೆಯಿದೆ, ಅದು ಊರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಕಲ್ಲಿನ ಮುಚ್ಚಿದ ಕಾಲುವೆ ಕಟ್ಟಿದರೆ ನೀರು ತನ್ನಷ್ಟಕ್ಕೆ ತಾನೇ ಇಳಿದು ಬರುತ್ತದೆ. ಪಂಪು ಬೇಡ, ಇಂಧನ ಬೇಡ. 1835ರಲ್ಲಿ ಪುರಸಭೆ ಒಪ್ಪಿತು, ಅರಮನೆಯ ಒಪ್ಪಿಗೆ ಬರುವಾಗ 1837ರ ಕೊನೆ. (ಫೈಲು ಚಲಿಸುವ ವೇಗಕ್ಕೂ ಯಾರಾದರೂ ಒಂದು ನಿಯಮ ಕಂಡುಹಿಡಿಯಬೇಕು.) 1839ರಲ್ಲಿ ಕೆಲಸ ಶುರುವಾಯಿತು. 1840ರ ಸೆಪ್ಟೆಂಬರ್ 6ರಂದು ರೋಸ್ವಾರ್ ನೀರು ದಿಜೋಂನ ಗಿಯೋಮ್ ಹೆಬ್ಬಾಗಿಲ ಬಳಿಯ ತೊಟ್ಟಿಗೆ ಬಂದು ಬಿತ್ತು. ಒಪ್ಪಿಗೆಗೆ ಮೂರು ವರ್ಷ, ಕಟ್ಟುವುದಕ್ಕೆ ಒಂದೂವರೆ ವರ್ಷ.

ನಿಮಿಷಕ್ಕೆ ಸುಮಾರು 8,000 ಲೀಟರ್ ನೀರು. ದಿನಕ್ಕೆ ಲೆಕ್ಕ ಹಾಕಿದರೆ ಒಂದು ಕೋಟಿ ಹದಿನೈದು ಲಕ್ಷ ಲೀಟರಿನ ಮೇಲಾಯಿತು. ಆಗಿನ ಜನಸಂಖ್ಯೆಗೆ ಹಂಚಿದರೆ ತಲೆಗೆ ನಾನೂರು ಲೀಟರಿನ ಆಸುಪಾಸು. ಇಂದು ನಮ್ಮ ಹಳ್ಳಿಗಳಿಗೆ ಜಲಜೀವನ ಮಿಷನ್ ಇಟ್ಟುಕೊಂಡಿರುವ ಗುರಿ ತಲೆಗೆ 55 ಲೀಟರ್ ಎಂಬುದನ್ನು ಪಕ್ಕಕ್ಕೆ ಇಟ್ಟು ನೋಡಿ. ಮುಂದಿನ ನಾಲ್ಕು ವರ್ಷಗಳಲ್ಲಿ ಬೀದಿಬೀದಿಗೂ ಒಟ್ಟು 28 ಕಿಲೋಮೀಟರ್ ಪೈಪು ಹಾಸಿದರು. ನೂರು ನೂರು ಮೀಟರಿಗೆ ಒಂದರಂತೆ 142 ಬೀದಿ ನಲ್ಲಿಗಳು. ಯಾವ ಹೆಂಗಸೂ ಕೊಡ ಹೊತ್ತು ಐವತ್ತು ಮೀಟರಿಗಿಂತ ಹೆಚ್ಚು ನಡೆಯಬೇಕಾಗಿಲ್ಲ ಎಂದಾಯಿತು. ಅದೇ ಹೊತ್ತಿನಲ್ಲಿ ಪ್ಯಾರಿಸ್ಸಿಗೇ ಅಂಥ ವ್ಯವಸ್ಥೆ ಇರಲಿಲ್ಲ.

ಈ ಕೆಲಸಕ್ಕೆ ಪುರಸಭೆ ಕೊಡಬೇಕಾಗಿದ್ದ ಶುಲ್ಕವನ್ನು ಡಾರ್ಸಿ ತೆಗೆದುಕೊಳ್ಳಲಿಲ್ಲ. ಊರಿನ ದುಡ್ಡಿನಲ್ಲಿ ಓದಿದವನು ಎಂಬುದು ಅವನ ಮನಸ್ಸಿನಲ್ಲಿತ್ತೋ ಏನೋ, ಹಾಗೆಂದು ನಾನು ಊಹಿಸಿಕೊಂಡಿದ್ದೇನೆ ಅಷ್ಟೆ. ಪುರಸಭೆಯವರು ಒಂದು ಚಿನ್ನದ ಪದಕ ಕೊಟ್ಟರು.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. ಪ್ಯಾರಿಸ್ಸಿನಿಂದ ಲಿಯೋಂಗೆ ಹೋಗುವ ರೈಲುದಾರಿ ದಿಜೋಂ ಮೇಲೆಯೇ ಹಾದುಹೋಗುವಂತೆ ಮಾಡಿದವರಲ್ಲಿ ಡಾರ್ಸಿ ಮುಖ್ಯನು. ಅದಕ್ಕಾಗಿ ಬ್ಲೇಸಿ ಗುಡ್ಡದೊಳಗೆ ನಾಲ್ಕು ಕಿಲೋಮೀಟರಿಗೂ ಉದ್ದದ ಸುರಂಗ ಬೇಕಾಯಿತು. 1848ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ಸರ್ಕಾರ ಬದಲಾಯಿತು. ಹೊಸಬರಿಗೆ ಹಳೆಯ ಕಾಲದ ಪ್ರಭಾವಿ ಎಂಜಿನಿಯರ್ ಬೇಡವಾದ. ದಿಜೋಂನಿಂದ ವರ್ಗ. ವರ್ಗಾವಣೆಯೆಂಬುದು ಶಿಕ್ಷೆಯಾಗಿ ಬಳಕೆಯಾಗುವುದು ನಮ್ಮಲ್ಲಿ ಮಾತ್ರವಲ್ಲ. ಆದರೆ ಆ ವರ್ಗದಿಂದ ಕೊನೆಗೆ ಅವನು ಪ್ಯಾರಿಸ್ಸಿಗೆ ಹೋಗಿ, ಆ ಮಹಾನಗರದ ನೀರು ಮತ್ತು ರಸ್ತೆಗಳ ಮುಖ್ಯಸ್ಥನಾದ. ಅಲ್ಲಿ ಸೀಸ, ಕಬ್ಬಿಣ, ಗಾಜು ಹೀಗೆ ಬೇರೆಬೇರೆ ಪೈಪುಗಳಲ್ಲಿ ನೀರು ಹರಿಸಿ, ಪೈಪಿನ ಒಳಮೈ ಒರಟಾದಷ್ಟೂ ನೀರಿನ ಒತ್ತಡ ಹೇಗೆ ಕಡಿಮೆಯಾಗುತ್ತದೆಂದು ಅಳೆದ. ನಮ್ಮಲ್ಲಿ ಸಿವಿಲ್, ಮೆಕ್ಯಾನಿಕಲ್ ಓದಿದವರಿಗೆ ಡಾರ್ಸಿ–ವೈಸ್‌ಬಾಕ್ ಸಮೀಕರಣ ನೆನಪಿರಬಹುದು. ಅದರಲ್ಲಿರುವ ಡಾರ್ಸಿ ಇವನೇ. ಹರಿಯುವ ನೀರಿನ ವೇಗ ಅಳೆಯುವ ಪಿಟೋ ಕೊಳವೆಯನ್ನು ಸುಧಾರಿಸಿದ್ದೂ ಇವನೇ.

ಆರೋಗ್ಯ ಕೆಟ್ಟಿತು. 1855ರಲ್ಲಿ ಆಡಳಿತದ ಹೊಣೆ ಬಿಟ್ಟು ದಿಜೋಂಗೆ ಮರಳಿದ. ಐವತ್ತೆರಡು ವರ್ಷ, ದೇಹ ಸೋತಿದೆ. ಇಲಾಖೆಯವರು ಅವನಿಗೆ ಇಷ್ಟವಾದ ಸಂಶೋಧನೆ ಮಾಡಿಕೊಂಡಿರಲು ಬಿಟ್ಟರು. ನಿಜವಾದ ಕಥೆ ಇಲ್ಲಿಂದಲೇ.

ಆಗ ನದಿಯ ನೀರನ್ನು ಮರಳಿನ ಮೂಲಕ ಸೋಸಿ ಕುಡಿಯಲು ಕೊಡುವ ಪದ್ಧತಿ ಹಲವು ಊರುಗಳಲ್ಲಿ ಬಂದಿತ್ತು. ಎಷ್ಟು ದಪ್ಪದ ಮರಳಿನ ಹಾಸು ಹಾಕಿದರೆ ಎಷ್ಟು ನೀರು ಸೋಸಿ ಬರುತ್ತದೆ ಎಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಅಂದಾಜು. ಡಾರ್ಸಿ ಅಳೆಯಲು ಹೊರಟ. ದಿಜೋಂ ಆಸ್ಪತ್ರೆಯ ಅಂಗಳದಲ್ಲಿ ಎರಡೂವರೆ ಮೀಟರ್ ಎತ್ತರ, 35 ಸೆಂಟಿಮೀಟರ್ ಅಗಲದ ಒಂದು ಕಂಬದಂಥ ಕೊಳವೆ ನಿಲ್ಲಿಸಿದ. ಒಳಗೆ ಸೋನ್ ನದಿಯ ಮರಳು ತುಂಬಿಸಿದ. ಮೇಲಿನಿಂದ ಆಸ್ಪತ್ರೆಯ ನಲ್ಲಿ ನೀರು ಒಳಗೆ, ಕೆಳಗಿನಿಂದ ಸೋಸಿದ ನೀರು ಹೊರಗೆ. ಆ ನಲ್ಲಿಯ ನೀರು ಅವನೇ ಊರಿಗೆ ತಂದ ನೀರು. ಮೇಲೂ ಕೆಳಗೂ ಒತ್ತಡ ತೋರಿಸಲು ಪಾದರಸದ ಕೊಳವೆಗಳು. ಜೊತೆಗೆ ಶಾರ್ಲ್ ರಿಟರ್ ಎಂಬ ಎಂಜಿನಿಯರ್. 1855ರ ಅಕ್ಟೋಬರ್ 29, 30 ಮತ್ತು ನವೆಂಬರ್ 2ರಂದು ಮೊದಲ ಸರಣಿ ನಡೆಯಿತು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ವಿವರ. ಪಾದರಸ ಒಂದು ಕಡೆ ನಿಲ್ಲುತ್ತಿರಲಿಲ್ಲ, ಅಲ್ಲಾಡುತ್ತಿತ್ತು. ಕಾರಣ, ಆಸ್ಪತ್ರೆಯಲ್ಲಿ ಯಾರೋ ನಲ್ಲಿ ತಿರುಗಿಸುತ್ತಿದ್ದರು, ಯಾರೋ ಮುಚ್ಚುತ್ತಿದ್ದರು. ಪ್ರಯೋಗಾಲಯದ ಶಾಂತಿ ಅಲ್ಲಿರಲಿಲ್ಲ. ಡಾರ್ಸಿ ಇದನ್ನು ಮುಚ್ಚಿಡದೆ ಬರೆದಿಟ್ಟಿದ್ದಾನೆ. ಅಲ್ಲಾಡುವ ಪಾದರಸದ ನಡುವೆಯೇ ಅವನಿಗೆ ಕಂಡದ್ದು ಬಹಳ ಸರಳವಾದ ಸಂಗತಿ.

ಮನೆಯ ಕಾಫಿ ಫಿಲ್ಟರನ್ನು ನೆನೆಸಿಕೊಳ್ಳಿ. ಪುಡಿಯ ಮೇಲೆ ನೀರು ತುಂಬ ಇದ್ದಾಗ ಡಿಕಾಕ್ಷನ್ ಬೇಗ ಇಳಿಯುತ್ತದೆ, ನೀರು ಕಡಿಮೆಯಾದ ಹಾಗೆ ನಿಧಾನವಾಗುತ್ತದೆ. ಪುಡಿ ಹೆಚ್ಚು ಹಾಕಿ ಒತ್ತಿದರೆ ಇನ್ನೂ ನಿಧಾನ. ಇಷ್ಟು ನಮ್ಮ ಅಜ್ಜಿಗೂ ಗೊತ್ತಿತ್ತು. ಡಾರ್ಸಿ ಅದಕ್ಕೆ ಲೆಕ್ಕ ಕೊಟ್ಟ. ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟಗಳ ವ್ಯತ್ಯಾಸ ಎರಡರಷ್ಟಾದರೆ ಹರಿಯುವ ನೀರೂ ಸರಿಯಾಗಿ ಎರಡರಷ್ಟು. ಮರಳಿನ ಹಾಸಿನ ದಪ್ಪ ಎರಡರಷ್ಟಾದರೆ ಹರಿಯುವ ನೀರು ಅರ್ಧ. ಇನ್ನುಳಿದದ್ದು ಆ ಮರಳಿನ ಗುಣ. ಸಣ್ಣ ಮರಳಿಗೆ ಒಂದು ಸಂಖ್ಯೆ, ದಪ್ಪ ಮರಳಿಗೆ ಇನ್ನೊಂದು. ಹತ್ತನೇ ತರಗತಿಯಲ್ಲಿ ನಾವು ಓದಿದ ಓಮ್‌ನ ನಿಯಮವನ್ನು ನೆನೆಸಿಕೊಂಡರೆ ಸಾಕು. ಅಲ್ಲಿ ವೋಲ್ಟೇಜಿನ ವ್ಯತ್ಯಾಸ ವಿದ್ಯುತ್ತನ್ನು ಹರಿಸುತ್ತದೆ, ಇಲ್ಲಿ ಮಟ್ಟದ ವ್ಯತ್ಯಾಸ ನೀರನ್ನು ಹರಿಸುತ್ತದೆ.

ಆದರೂ ಒಂದು ಅನುಮಾನ ಉಳಿದಿತ್ತು. ಮೊದಲ ಸರಣಿಯಲ್ಲಿ ಕೆಳಗಿನ ತುದಿ ಬಯಲಿಗೆ ತೆರೆದಿತ್ತು. ಕೆಳಗೂ ಒತ್ತಡವಿದ್ದರೆ ಏನಾಗುತ್ತದೆ? 1856ರ ಫೆಬ್ರವರಿ 17 ಮತ್ತು 18ರಂದು ರಿಟರ್ ಒಬ್ಬನೇ ಪ್ರಯೋಗವನ್ನು ಮತ್ತೆ ಮಾಡಿದ, ಈ ಸಲ ಕೆಳಗಿನ ಒತ್ತಡವನ್ನೂ ಬದಲಿಸುತ್ತ. ಉತ್ತರ ಅದೇ ಬಂತು. ಅಂದರೆ ಮೇಲೆ ಎಷ್ಟಿದೆ ಎಂಬುದೊಂದೇ ಮುಖ್ಯವಲ್ಲ, ಕೆಳಗೆ ಎಷ್ಟಿದೆ ಎಂಬುದೊಂದೇ ಮುಖ್ಯವಲ್ಲ, ಎರಡರ ನಡುವಿನ ವ್ಯತ್ಯಾಸ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ನಮ್ಮ ಬದುವಿನ ಜಗಳಕ್ಕೆ ಮುಂದೆ ಇದು ಬೇಕಾಗುತ್ತದೆ.

ಅದೇ ವರ್ಷ ಅವನ ದೊಡ್ಡ ಪುಸ್ತಕ ಅಚ್ಚಾಯಿತು. ಹೆಸರು ದಿಜೋಂ ನಗರದ ಸಾರ್ವಜನಿಕ ಬುಗ್ಗೆಗಳು ಎಂದು. ಆರುನೂರು ಪುಟಕ್ಕೂ ಹೆಚ್ಚು. ಚಿಲುಮೆ, ಕಾಲುವೆ, ತೊಟ್ಟಿ, ಪೈಪು, ನಲ್ಲಿ, ಖರ್ಚು ಎಲ್ಲವೂ ಅದರಲ್ಲಿದೆ. ಊರೊಂದಕ್ಕೆ ನೀರು ಕೊಡುವುದು ಹೇಗೆ ಎಂಬುದರ ಸಂಪೂರ್ಣ ಕೈಪಿಡಿ. ಆದರೆ ಅವನ ಹೆಸರನ್ನು ಉಳಿಸಿರುವ ನಿಯಮ ಎಲ್ಲಿದೆ ಗೊತ್ತೇ? ಕೊನೆಯ ಅನುಬಂಧದಲ್ಲಿ, ಟಿಪ್ಪಣಿ 'ಡಿ' ಎಂಬಲ್ಲಿ, ಕೆಲವೇ ಪುಟಗಳು. ನಾವು ಸಾಫ್ಟ್‌ವೇರಿನವರು ಮುಖ್ಯವಾದ ವಿಷಯವನ್ನು ಎಲ್ಲೋ ಮೂಲೆಯಲ್ಲಿ ಕಾಮೆಂಟಾಗಿ ಬರೆದಿಟ್ಟು ಮರೆಯುತ್ತೇವಲ್ಲ, ಹಾಗೆ. ಆದರೆ ನಮಗೂ ಅವನಿಗೂ ವ್ಯತ್ಯಾಸವಿದೆ. ಅವನು ಪ್ರತಿ ಪ್ರಯೋಗದ ಅಂಕಿಗಳನ್ನೂ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಒಂದು ಭಾನುವಾರ ನಾನು ಆ ಅಂಕಿಗಳನ್ನು ಎಕ್ಸೆಲ್ಲಿನಲ್ಲಿ ತುಂಬಿ ಗೆರೆ ಎಳೆದೆ. ಬಿಂದುಗಳು ಹೆಚ್ಚು ಕಡಿಮೆ ನೇರ ಗೆರೆಯ ಮೇಲೆಯೇ ಕುಳಿತವು.

1857ರಲ್ಲಿ ಅವನ ಪೈಪುಗಳ ಪುಸ್ತಕ ಬಂತು, ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನಾಗಿ ಆರಿಸಿತು. ಬರ್ಗಂಡಿ ಕಾಲುವೆಯಲ್ಲಿ ತೆರೆದ ನೀರಿನ ಹರಿವಿನ ಪ್ರಯೋಗಗಳನ್ನೂ ಶುರುಮಾಡಿದ್ದ. ಅವನ್ನು ಮುಗಿಸಲು ಆಯುಸ್ಸು ಇರಲಿಲ್ಲ. ಶಿಷ್ಯನಂತಿದ್ದ ಆನ್ರಿ ಬಾಜೆಂ ಆ ಕೆಲಸ ಮುಂದುವರಿಸಿ 1865ರಲ್ಲಿ ಪ್ರಕಟಿಸಿದ. 1858ರ ಜನವರಿ 3ರಂದು, ಪ್ಯಾರಿಸ್ಸಿಗೆ ಹೋಗಿದ್ದಾಗ, ಡಾರ್ಸಿ ನ್ಯುಮೋನಿಯಾದಿಂದ ತೀರಿಕೊಂಡ. ಐವತ್ನಾಲ್ಕು ವರ್ಷ. ಮಕ್ಕಳಿರಲಿಲ್ಲ. ದೇಹವನ್ನು ದಿಜೋಂಗೆ ತಂದು ಮಣ್ಣು ಮಾಡಿದರು. ಮೊದಲ ದಿನ ನೀರು ಬಂದು ಬಿದ್ದಿತ್ತಲ್ಲ, ಆ ತೊಟ್ಟಿಯ ಚೌಕಕ್ಕೆ ಅವನ ಹೆಸರಿಟ್ಟರು. ಈಗಲೂ ಅದು ಡಾರ್ಸಿ ಚೌಕ, ಪಕ್ಕದಲ್ಲಿ ಡಾರ್ಸಿ ಉದ್ಯಾನ.

ಸೋಸುವ ಮರಳಿನ ನಿಯಮ ನೆಲದ ನೀರಿಗೆ ಹೇಗೆ ಬಂತು? ನೆಲವೂ ಒಂದು ಮರಳಿನ ಕೊಳವೆಯೇ, ಅಡ್ಡ ಮಲಗಿಸಿದ್ದು ಅಷ್ಟೆ. ಡಾರ್ಸಿಯ ಸಮಕಾಲೀನ, ಅದೇ ಇಲಾಖೆಯ ಎಂಜಿನಿಯರ್ ಜೂಲ್ ದ್ಯುಪ್ವಿ 1863ರಲ್ಲಿ ಈ ನಿಯಮವನ್ನು ಬಾವಿಗೆ ಅನ್ವಯಿಸಿದ. ಬಾವಿಯಿಂದ ನೀರೆತ್ತಿದರೆ ಅಲ್ಲಿ ಮಟ್ಟ ಇಳಿಯುತ್ತದೆ. ಮಟ್ಟ ಇಳಿದದ್ದರಿಂದ ಸುತ್ತಲಿನ ನೀರು ಆ ಕಡೆ ಹರಿಯುತ್ತದೆ. ಹೀಗೆ ಬಾವಿಯ ಸುತ್ತ ನೀರಿನ ಮಟ್ಟ ಲಾಳಿಕೆಯ ಹಾಗೆ ತಗ್ಗಾಗುತ್ತದೆ. ಮುಂದೆ 1935ರಲ್ಲಿ ಅಮೆರಿಕದ ಚಾರ್ಲ್ಸ್ ಥೀಸ್ ಎಂಬ ಭೂವಿಜ್ಞಾನಿ, ಗಣಿತ ಬಲ್ಲ ಸ್ನೇಹಿತನೊಬ್ಬನ ಸಹಾಯ ಪಡೆದು, ಈ ಲಾಳಿಕೆ ದಿನ ಕಳೆದ ಹಾಗೆ ಹೇಗೆ ಅಗಲವಾಗುತ್ತ ಹೋಗುತ್ತದೆ ಎಂಬುದಕ್ಕೆ ಸೂತ್ರ ಕೊಟ್ಟ. ಬಿಸಿ ಮಾಡಿದ ಲೋಹದಲ್ಲಿ ಶಾಖ ಹರಡುವ ಲೆಕ್ಕವನ್ನೇ ನೀರಿಗೆ ಹೊಂದಿಸಿದ್ದು. ಐದು ವರ್ಷದ ಮೇಲೆ ಅದೇ ಥೀಸ್ ಬರೆದ ಇನ್ನೊಂದು ಲೇಖನದ ವಿಷಯವನ್ನು ನಮ್ಮೂರ ಪಂಚಾಯಿತಿ ಕಟ್ಟೆಯಲ್ಲಿ ಚರ್ಚಿಸಬೇಕು: ಬಾವಿಯಿಂದ ಎತ್ತುವ ನೀರು ಬರುವುದು ಎಲ್ಲಿಂದ? ಅವನ ಉತ್ತರದಲ್ಲಿ ಹೊಸ ನೀರು ಹುಟ್ಟುವುದಿಲ್ಲ. ಒಂದೋ ನೆಲದೊಳಗೆ ಕೂಡಿಟ್ಟದ್ದು ಕರಗಬೇಕು, ಇಲ್ಲವೇ ಮೊದಲು ತೊರೆಗೋ ಚಿಲುಮೆಗೋ ಬಾವಿಗೋ ಹೋಗುತ್ತಿದ್ದದ್ದು ಕಡಿಮೆಯಾಗಬೇಕು, ಇಲ್ಲವೇ ಮೇಲಿನಿಂದ ಇಂಗುವುದು ಹೆಚ್ಚಬೇಕು. ನಮ್ಮ ತಾತನ ಕಪಿಲೆ ಬಾವಿ ಯಾಕೆ ಒಣಗಿತು ಎಂಬ ಪ್ರಶ್ನೆಗೆ ಈ ಎರಡನೇ ಸಾಲಿನಲ್ಲಿ ಉತ್ತರವಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ದಿಜೋಂನ ಮರಳಲ್ಲ ನಮ್ಮ ನೆಲ. ನಮ್ಮ ಕಾಲಡಿ ಇರುವುದು ಗ್ರಾನೈಟು, ನೈಸ್ ಎಂಬ ಗಟ್ಟಿ ಕಲ್ಲು. ಮೇಲೆ ಕೆಲವು ಹತ್ತು ಅಡಿ ಶಿಥಿಲವಾದ ಮಣ್ಣುಕಲ್ಲು, ಅದರಲ್ಲಿ ನೀರು ಸ್ಪಂಜಿನಲ್ಲಿರುವ ಹಾಗೆ ಇರುತ್ತದೆ. ಅದರ ಕೆಳಗೆ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಸೀಳು. ಬೋರಿಗೆ ಸಿಗುವುದು ಆ ಸೀಳಿನ ನೀರು. ಆಳಕ್ಕೆ ಹೋದಷ್ಟೂ ಸೀಳುಗಳು ಸಾಮಾನ್ಯವಾಗಿ ಕಡಿಮೆ. ನಮ್ಮ ಕಡೆ ಸಾವಿರ, ಸಾವಿರದೈನೂರು ಅಡಿಗೆ ಇಳಿದು ಬರೀ ಧೂಳು ಎದ್ದದ್ದನ್ನು ನೋಡದವರು ಯಾರು? ಸೀಳು ಯಾವ ಕಡೆ ಓಡುತ್ತದೆ, ಯಾವುದು ಯಾವುದಕ್ಕೆ ಕೂಡುತ್ತದೆ ಎಂಬುದು ಮೇಲೆ ನಿಂತವರಿಗೆ ಕಾಣುವುದಿಲ್ಲ, ಅಂಗೈಯಲ್ಲಿ ತೆಂಗಿನಕಾಯಿ ಹಿಡಿದವರಿಗೂ ಸಹ. ಹೀಗಾಗಿ ಡಾರ್ಸಿಯ ಲೆಕ್ಕ ಇಲ್ಲಿ ಒಂದೊಂದು ಬೋರಿಗೆ ಕೈಕೊಡಬಹುದು, ಒಂದು ದೊಡ್ಡ ಬಯಲಿಗೆ ಸರಾಸರಿಯಾಗಿ ಹಿಡಿದರೆ ಉಪಯೋಗಕ್ಕೆ ಬರುತ್ತದೆ. ನಮ್ಮ ರಾಜ್ಯದಲ್ಲೇ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಕಣಿವೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸಿನ ವಿಜ್ಞಾನಿಗಳ ಜೊತೆ ಸೇರಿ ಹಲವು ವರ್ಷಗಳಿಂದ ರೈತರ ಬೋರುಗಳಲ್ಲಿ ನೀರಿನ ಮಟ್ಟ ಅಳೆಯುತ್ತ ಬಂದಿದ್ದಾರೆ. ಡಾರ್ಸಿಯ ದೇಶದವರು ನಮ್ಮ ಬಂಡೆಯ ನೀರಿನ ಲೆಕ್ಕ ಹಿಡಿಯಲು ಚಾಮರಾಜನಗರದವರೆಗೆ ಬಂದರು.

ಈಗ ಬದುವಿಗೆ ಬರುತ್ತೇನೆ. ಆಫೀಸಿನ ಕೆಲಸ ಮುಗಿದ ಮೇಲೆ ಒಂದು ರಾತ್ರಿ ನಮ್ಮ ಎರಡು ಹೊಲಗಳನ್ನು ಆ ಪ್ರೋಗ್ರಾಮಿನ ಚೌಕಗಳಲ್ಲಿ ಹಾಕಿದೆ. ಒಂದು ಬೋರ್ ನಮ್ಮದು, ಒಂದು ದೊಡ್ಡಪ್ಪನದು. ಕಲ್ಲಿನ ಗುಣಕ್ಕೆ ಪುಸ್ತಕದ ಅಂಕಿ ಹಾಕಿದೆ, ಮಳೆಗೆ ಆ ಬರಗಾಲದ ವರ್ಷಗಳಂತೆ ತೀರಾ ಕಡಿಮೆ. ನಮ್ಮ ಬೋರನ್ನು ಮಾತ್ರ ಓಡಿಸಿದಾಗಲೇ ಮಟ್ಟ ಪ್ರತಿ ವರ್ಷ ಇಳಿಯುತ್ತಿತ್ತು. ದೊಡ್ಡಪ್ಪನದನ್ನು ಸೇರಿಸಿದೊಡನೆ ಎರಡು ಲಾಳಿಕೆಗಳು ನಡುವೆ ಕೂಡಿಕೊಂಡು ಬೇಗ ಇಳಿಯಿತು. ಅಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಪರದೆಯ ಮೇಲೆ ಅದೇ ನೀರು ನಮ್ಮ ಬೋರಿನ ಕಡೆಗೂ ದೊಡ್ಡಪ್ಪನ ಹೊಲದಡಿಯಿಂದ ಮೂರು ವರ್ಷ ಹರಿದು ಬಂದಿತ್ತು, ಅವರು ಬೋರ್ ಹಾಕಿಸುವ ಮೊದಲು. ನೀರಿಗೆ ಪಹಣಿ ಗೊತ್ತಿಲ್ಲ. ಮಟ್ಟದ ವ್ಯತ್ಯಾಸ ಎಲ್ಲಿದೆಯೋ ಆ ಕಡೆ ಹೋಗುತ್ತದೆ. ಪುಸ್ತಕದ ಅಂಕಿ ನಮ್ಮ ಹೊಲದ್ದಲ್ಲ, ಇದನ್ನು ಸಾಕ್ಷಿಯೆಂದು ಯಾರ ಮುಂದೂ ಇಡಲಾರೆ. ಆದರೂ ಹಬ್ಬಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಅಪ್ಪನಿಗೆ ತೋರಿಸಿದೆ.

ಅಪ್ಪ ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಹಂಗಾದ್ರೆ 2005ರಲ್ಲಿ ನಾನು ಎಂಟುನೂರು ಅಡಿಗೆ ಇನ್ನೊಂದು ಹಾಕಿಸಿದ್ನಲ್ಲ, ಅದರ ಮುಂದಿನ ವರ್ಷವೇ ಅವನ ಬೋರ್ ನಿಂತೋಯ್ತು. ಅದು?"

ನಾನು ಏನೂ ಹೇಳಲಿಲ್ಲ. ಅವರೇ ಲ್ಯಾಪ್‌ಟಾಪ್ ಮುಚ್ಚಿದರು. ಸಂಜೆ ಟವೆಲ್ ಹೆಗಲಿಗೆ ಹಾಕಿಕೊಂಡು ದೊಡ್ಡಪ್ಪನ ಮನೆ ಕಡೆ ಹೋದರು. ಅಲ್ಲಿ ಏನು ಮಾತಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ರಾತ್ರಿ ಊಟ ಅಲ್ಲೇ ಮಾಡಿಕೊಂಡು ಬಂದರು. ಅಪ್ಪನ ಆ ಎಂಟುನೂರು ಅಡಿಯದೂ ಮೂರು ವರ್ಷ ಬಂದು ನಿಂತಿತ್ತು ಎಂಬುದನ್ನೂ ಇಲ್ಲೇ ಬರೆದುಬಿಡುತ್ತೇನೆ.

ಈಗ ನಮ್ಮ ಜಿಲ್ಲೆಯ ಅನೇಕ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಬರುತ್ತಿದೆ. ಅದರ ಒಳಿತು ಕೆಡುಕಿನ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ, ನನಗೂ ಎರಡು ಮನಸ್ಸಿದೆ. ನಮ್ಮ ಊರ ಕೆರೆ ಆ ಪಟ್ಟಿಯಲ್ಲಿಲ್ಲ. ಇನ್ನೂ ನಾಲ್ಕಾರು ಮೈಲಿ ಆಚೆ ತುಂಬಿದ ಕೆರೆಯ ನೀರು ನೆಲದೊಳಗಿನಿಂದ ನಮ್ಮ ಕಡೆ ಬಂದೀತೇ ಎಂದು ನಮ್ಮವರು ನನ್ನನ್ನು ಕೇಳುತ್ತಾರೆ. ಲೆಕ್ಕ ಹಾಕಬೇಕಾದರೆ ನಮ್ಮ ನೆಲದ ಅಂಕಿಗಳು ಬೇಕು, ಅವು ನಮ್ಮ ಹತ್ತಿರ ಇಲ್ಲ. ಅಂಕಿಗಳು ಇರುವುದು ಊರವರ ತಲೆಯಲ್ಲಿ. ಒಂದೊಂದು ಮನೆಯಲ್ಲೂ ಮೂರು ನಾಲ್ಕು ಬೋರುಗಳ ಆಳ, ಎಷ್ಟು ಅಡಿಗೆ ಬಂಡೆ ಸಿಕ್ಕಿತು, ಎಷ್ಟು ಅಡಿಗೆ ನೀರು, ಎಷ್ಟು ಇಂಚು, ಯಾವ ವರ್ಷ ನಿಂತಿತು ಎಂಬುದು ಸಾಲದ ಲೆಕ್ಕಕ್ಕಿಂತ ಚೆನ್ನಾಗಿ ನೆನಪಿದೆ.

ಮೇಷ್ಟ್ರ ಜೊತೆ ಮಾತಾಡಿದ್ದೇನೆ. ಎಂಟನೇ ಮತ್ತು ಒಂಬತ್ತನೇ ತರಗತಿಯ ಮಕ್ಕಳು ಒಂದು ದಪ್ಪ ರಿಜಿಸ್ಟರ್ ಇಟ್ಟಿದ್ದಾರೆ, ವಿಜ್ಞಾನದ ಕೊಠಡಿಯ ಬೀರುವಿನಲ್ಲಿದೆ. ಮಹೋತ್ಸವಕ್ಕೆ ಬಂದವರು ತಮ್ಮ ತಮ್ಮ ಬೋರುಗಳ ವಿವರ ಅದರಲ್ಲಿ ಬರೆಸಿ ಹೋಗಬೇಕು, ಫೇಲಾದವನ್ನೂ ಬಿಡಬಾರದು. ಬಿಸಿಯೂಟದ ಕೋಣೆಯ ಹಿಂದಿನ, ಈಗ ಬಳಸದ ಹ್ಯಾಂಡ್ ಪಂಪಿನ ಬೋರಿನಲ್ಲಿ ತಿಂಗಳಿಗೊಮ್ಮೆ ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ಮಟ್ಟ ಅಳೆಯುವುದಾಗಿ ಮಕ್ಕಳು ಒಪ್ಪಿಕೊಂಡಿದ್ದಾರೆ. ರಿಜಿಸ್ಟರಿನ ಮೊದಲ ಪುಟದಲ್ಲಿ ನಮ್ಮ ಮನೆಯ ಎರಡು ಬೋರುಗಳಿವೆ. ಅದರ ಕೆಳಗೆ ದೊಡ್ಡಪ್ಪನದು ಒಂದು. ಆಳ, ವರ್ಷ, ಇಂಚು ಎಲ್ಲವನ್ನೂ ಅವರೇ ಶಾಲೆಗೆ ಬಂದು ಬೆಂಚಿನ ಮೇಲೆ ಕುಳಿತು ಹೇಳಿ ಬರೆಸಿದರು. ಅಪ್ಪನ ಬೋರಿನ ಆಳ ನಾನು ತಪ್ಪು ಬರೆಸಿದ್ದೆ, ಅದನ್ನೂ ಅವರೇ ತಿದ್ದಿಸಿದರು.